ಬಸ್ಸು ತೊಳೆಯುವ ಲಾಯರ್ ಮತ್ತು ಅವರ ಹೊಟ್ಟೆಕಿಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಿಪೋದ ಹಿಂಭಾಗದ ತೊಳೆಯುವ ಕಟ್ಟೆಗೆ ಬಸ್ಸೊಂದು ಬಂದು ನಿಲ್ಲುತ್ತದೆ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ ಮನುಷ್ಯರೊಬ್ಬರು ಪೈಪನ್ನು ಹೆಗಲಿಗೇರಿಸಿ ಮೊದಲು ಚಕ್ರಕ್ಕೆ, ಆಮೇಲೆ ಮೈಗೆ, ಕಡೆಗೆ ಗಾಜಿಗೆ ನೀರು ಹಾರಿಸುತ್ತಾರೆ. ಉದ್ದ ಕೋಲಿನ ಬ್ರಷ್ಷಿನಿಂದ ಸೋಪಿನ ನೊರೆ ಉಜ್ಜುತ್ತಾರೆ. ಒಳಗೆ ಹತ್ತಿ, ಸೀಟುಗಳ ಕೆಳಗಿಂದ ಟಿಕೆಟ್ ಚೂರು, ಕಡಲೆಕಾಯಿ ಸಿಪ್ಪೆ, ಒಂದು ಒಂಟಿ ಚಪ್ಪಲಿ ಗುಡಿಸಿ ತರುತ್ತಾರೆ. "ಕೊಡೆ ಮರೆಯೋದು ಸರಿ. ಒಂದೇ ಚಪ್ಪಲಿ ಬಿಟ್ಟು ಅದು ಹೇಗಪ್ಪಾ ಮನೆಗೆ ಹೋಗ್ತಾರೆ?" ಎಂದು ಅದನ್ನು ಕಿಟಕಿಯ ಅಂಚಿನಲ್ಲಿಡುತ್ತಾರೆ. ಬೆಳಗಿನ ಪಾಳಿಯಲ್ಲಿ ಇಂಥ ಹದಿನೈದಿಪ್ಪತ್ತು ಬಸ್ಸುಗಳು ಇವರ ಕೈಯಲ್ಲಿ ಮೈ ತೊಳೆದುಕೊಂಡು ರಸ್ತೆಗಿಳಿಯುತ್ತವೆ.

"ಲಾಯರ್ ಸಾಹೇಬ್ರೇ, ಇವತ್ತು ಯಾವ ಕೋರ್ಟು?" ಎಂದು ಹೊರಟ ಡ್ರೈವರೊಬ್ಬರು ಕಿಟಕಿಯಿಂದ ತಲೆ ಹಾಕಿ ಕೇಳುತ್ತಾರೆ. ಇವರು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ, ಓದಿದ್ದೂ ಅಷ್ಟಕ್ಕಷ್ಟೇ. ಪಾಳಿ ಮುಗಿದ ಮೇಲೆ ನಲ್ಲಿಯ ಕೆಳಗೆ ಕೈಕಾಲು ತೊಳೆದು, ಚೀಲದಲ್ಲಿ ಮಡಿಸಿಟ್ಟ ಇಸ್ತ್ರಿ ಅಂಗಿ ತೊಟ್ಟು ಯಾವುದಾದರೊಂದು ಶಾಲೆಗೆ ಹೋಗುತ್ತಾರೆ. ಜೊತೆಗೆ ಯಾರದೋ ತಾಯಿಯೋ ತಂದೆಯೋ ಇರುತ್ತಾರೆ. ಅವರ ಮಗುವಿಗೆ ನಡೆಯಲಾಗದು, ಅಥವಾ ಮಾತು ಬಾರದು, ಅಥವಾ ಹೇಳಿದ್ದು ತಲೆಗೆ ಹೋಗಲು ಹೊತ್ತು ಬೇಕು. "ಇಂಥ ಮಕ್ಕಳಿಗೆ ನಮ್ಮಲ್ಲಿ ಸೌಲಭ್ಯ ಇಲ್ಲ" ಎಂಬ ಒಂದೇ ಮಾತನ್ನು ಕೇಳಿ ಕೇಳಿ ಸೋತವರು ಅವರು.

"ನಾನು ಜಗಳ ಆಡಲ್ಲ. ಗಂಟಲು ಏರಿಸಲ್ಲ," ಎನ್ನುತ್ತಾರೆ ಲಾಯರ್. "ಸೀಟು ಕೊಡ್ತೀವಿ ಅನ್ನೋತನಕ ಕುರ್ಚಿ ಬಿಟ್ಟು ಏಳಲ್ಲ, ಅಷ್ಟೇ."

ಹಾಗೆ ಕೂತು ಕೂತೇ ಅವರು ಹತ್ತಾರು ಮಕ್ಕಳನ್ನು ಶಾಲೆಯ ಒಳಗೆ ಸೇರಿಸಿದ್ದಾರೆ. ಈ ಹಟ ಕಲಿತದ್ದು ಸ್ವಂತ ಮಗಳಿಂದ. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಗುಬ್ಬಿ ಎಂದು. ಒಂಬತ್ತು ವರ್ಷ. ಆಟಿಸಂ ಎಂದಿದ್ದಾರೆ ಡಾಕ್ಟರು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿ ಮಂಚದಡಿ ಸೇರುವ ಹುಡುಗಿ. ನಲ್ಲಿಯ ನೀರು ಬೀಳುವುದನ್ನು ಮಾತ್ರ ಎಷ್ಟು ಹೊತ್ತಾದರೂ ನೋಡುತ್ತ ನಿಲ್ಲುತ್ತಾಳೆ. ಮಾತಿಲ್ಲ.

ಶಾಲೆಯ ಮೀಟಿಂಗಿಗೆ ಹೊರಟ ತಂದೆತಾಯಿಗೆ ಲಾಯರ್ ಒಂದು ಪಾಠ ಹೇಳಿಕೊಡುತ್ತಾರೆ. ಒಳಗೆ ಹೋದ ಮೇಲೆ ಮಗುವನ್ನು ಅಪ್ಪಿತಪ್ಪಿಯೂ ಹೊಗಳಬಾರದು. ಕೆಟ್ಟ ದಿನ ಹೇಗಿರುತ್ತದೋ ಅದನ್ನೇ ಹೇಳಬೇಕು. "ಚೆನ್ನಾಗಿ ಮಾಡ್ತಾಳೆ" ಎಂದಿರೋ, ಹಾಗಾದರೆ ಸಹಾಯ ಯಾಕೆ ಎಂದು ಕೊಟ್ಟದ್ದನ್ನೂ ಕಿತ್ತುಕೊಳ್ಳುತ್ತಾರೆ. ತಮ್ಮ ಬಾಯಿಂದಲೇ ಹೆತ್ತ ಮಗುವಿನ ಕೊರತೆಯನ್ನೇ ಎಣಿಸಿ ಹೊರಬರುವ ತಾಯಂದಿರು ಗೇಟಿನ ಬಳಿ ಕಣ್ಣೊರೆಸಿಕೊಳ್ಳುತ್ತಾರೆ. ಅದಕ್ಕೂ ಇವರಲ್ಲೊಂದು ಪದ್ಧತಿ ಇದೆ. ಅಲ್ಲೇ ಗೇಟಿನ ಪಕ್ಕ ನಿಂತು ಮಗುವಿನ ಒಳ್ಳೆಯದನ್ನೆಲ್ಲ ಒಂದೊಂದಾಗಿ ಹೇಳಬೇಕು, ಉಳಿದವರು ಕೇಳಬೇಕು. ಇದಕ್ಕೆ 'ಬಾಯಿ ತೊಳೆಯೋದು' ಎಂದು ಹೆಸರು. ನನ್ನ ಮಗ ತಂಗಿಗೆ ಹೊದಿಸಿ ಮಲಗುತ್ತಾನೆ, ನನ್ನ ಮಗಳು ಹಾಡು ಶುರುವಾದರೆ ಸಾಕು ನಗುತ್ತಾಳೆ, ಹೀಗೆ. ಬಾಯಿ ತೊಳೆಯದೆ ಯಾರೂ ಬಸ್ಸು ಹತ್ತುವಂತಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ದೊಡ್ಡ ಮನುಷ್ಯರ ಕಥೆಯೊಂದು ಸಲೀಸಾಗಿ ಮುಗಿದುಬಿಡುತ್ತಿತ್ತು. ಆದರೆ ಲಾಯರ್ ಬಿಡುವುದಿಲ್ಲ. "ಬರೆಯೋದಾದ್ರೆ ಇದನ್ನೂ ಬರೀರಿ," ಎಂದು ಬ್ರಷ್ಷಿನ ಕೋಲಿಗೆ ಗಲ್ಲ ಆನಿಸುತ್ತಾರೆ. "ನನ್ನಷ್ಟು ಹೊಟ್ಟೆಕಿಚ್ಚಿನವನು ಈ ಡಿಪೋದಲ್ಲೇ ಇಲ್ಲ."

ಸುಳ್ಳಲ್ಲ. ಭಾವಮೈದುನ ಬಂದು, ತನ್ನ ಮಗಳ ಹರಟೆ ಕೇಳಿ ತಲೆ ಚಿಟ್ಟು ಹಿಡಿಯುತ್ತದೆ ಎಂದು ಗೊಣಗಿದರೆ ಇವರಿಗೆ ಮೈಯೆಲ್ಲ ಉರಿಯುತ್ತದೆ. ಇವರೇ ಕುರ್ಚಿ ಹಿಡಿದು ಕೂತು ಸೀಟು ಕೊಡಿಸಿದ ಹುಡುಗನೊಬ್ಬ ಅಕ್ಷರ ಕೂಡಿಸಿ ಓದತೊಡಗಿದ ಎಂದು ಅವನ ತಾಯಿ ಸಿಹಿ ಹಂಚಿದಾಗ ನಗುನಗುತ್ತಲೇ ತೆಗೆದುಕೊಂಡರು, ಆದರೆ ಬಾಯಿಗೆ ಹಾಕಿಕೊಳ್ಳಲಾಗಲಿಲ್ಲ. ಸಿಹಿ ಕಾಗದದ ಸಮೇತ ಜೇಬಿನಲ್ಲೇ ಕರಗಿತು. ಅಂಗಿ ಒಗೆಯುವಾಗ ಹೆಂಡತಿಗೆ ಎಲ್ಲ ಗೊತ್ತಾಯಿತು.

ಈ ಕಿಚ್ಚಿಗೆ ತುಪ್ಪ ಸುರಿದವಳು ಶಾಲೆಯ ಸಹಾಯಕಿ. ತರಗತಿಯಲ್ಲಿ ಗುಬ್ಬಿಯ ಪಕ್ಕ ಕೂರಲು ಒಬ್ಬರು ಬೇಕು ಎಂದು ಎರಡು ವರ್ಷ ಅಲೆದಾಡಿ ಅವಳನ್ನು ನೇಮಿಸುವಂತೆ ಮಾಡಿದವರು ಇವರೇ. ಕಡ್ಡಿಯಂಥ ಹುಡುಗಿ, ಮೆಲುದನಿ. ಇವರನ್ನು ಅಣ್ಣಾ ಎನ್ನುತ್ತಾಳೆ. ಬಂದ ಕೆಲವೇ ವಾರಗಳಲ್ಲಿ ಗುಬ್ಬಿ ಗೇಟಿನಲ್ಲಿ ಅಪ್ಪನ ಕೈ ಕೊಸರಿಕೊಂಡು ಅವಳತ್ತ ಓಡತೊಡಗಿದಳು. ಸಂಜೆ ಕರೆತರುವಾಗ ಬೀದಿ ತಿರುಗುವವರೆಗೂ ಹಿಂದಕ್ಕೇ ಕತ್ತು. ಮನೆಗೆ ಬಂದು ಇವರು ಮುಖ ಊದಿಸಿಕೊಂಡರೆ ಹೆಂಡತಿ ಬಟ್ಟೆ ಮಡಿಸುತ್ತಲೇ ಹೇಳುತ್ತಿದ್ದರು: "ಸವತಿ ಬಂದಿದ್ರೂ ನಾನು ಇಷ್ಟು ಉರ್ಕೊಳ್ತಿರ್ಲಿಲ್ಲ ಕಣ್ರೀ."

ವರ್ಷದ ಕೊನೆಯ ಮೀಟಿಂಗು ಬಂತು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಆಕೆ, ಲಾಯರ್, ಶಿಕ್ಷಣ ಕಚೇರಿಯಿಂದ ಬಂದ ಅಧಿಕಾರಿ, ಮೂಲೆಯ ಸ್ಟೂಲಿನಲ್ಲಿ ಸಹಾಯಕಿ. ಗುಬ್ಬಿಯ ಸಹಾಯಕಿಯನ್ನು ಮುಂದುವರಿಸಬೇಕೋ ಬೇಡವೋ ಎಂಬುದು ಅಂದಿನ ವಿಷಯ. ವರ್ಷದಲ್ಲಿ ಏನೇನಾಯಿತು ಎಂದು ಸಹಾಯಕಿ ಹೇಳಿದಳು. ಗುಬ್ಬಿ ಈಗ ತನ್ನ ಶೂ ತಾನೇ ಹಾಕಿಕೊಳ್ಳುತ್ತಾಳೆ. ಗಂಟೆ ಬಾರಿಸಿದರೆ ಓಡುವುದಿಲ್ಲ. ಹೋದ ವಾರ ಬಾಯಾರಿದಾಗ "ನೀರು" ಎಂದಳು.

ಮಗಳು ಮಾತಾಡಿದ್ದನ್ನು ತಂದೆ ಕೇಳಿದ್ದು ಹೀಗೆ, ಪರರ ಬಾಯಿಂದ. ಎಷ್ಟೋ ವರ್ಷ ಲೋಟ ಹಿಡಿದು ಅವಳೆದುರು ಕುಕ್ಕರುಗಾಲಲ್ಲಿ ಕೂತು "ನೀರು ಅನ್ನು ಕಂದಾ, ನೀರು" ಎಂದು ಗೋಗರೆದಿದ್ದವರು ಅವರು. ಅಧಿಕಾರಿ ಸಹಾಯಕಿಯತ್ತ ತಿರುಗಿ, ಎಲ್ಲ ನಿಮ್ಮಿಂದಲೇ ಆದದ್ದು ಎಂದರು. ಲಾಯರಿಗೆ ಅಷ್ಟು ಸಾಕಾಯಿತು.

"ಇದರಲ್ಲೇನಿದೆ ಸಾರ್, ಮನೇಲಿ ಇದನ್ನೆಲ್ಲ ಯಾವಾಗಿಂದ್ಲೋ ಮಾಡ್ತಾಳೆ," ಎಂದುಬಿಟ್ಟರು. ಶೂ ಹಾಕಿಕೊಳ್ಳುತ್ತಾಳೆ, ನೀರು ಕೇಳುತ್ತಾಳೆ, ಊಟ ಕೇಳುತ್ತಾಳೆ, ಪಕ್ಕದಲ್ಲಿ ಯಾರೂ ಬೇಕಾಗಿಯೇ ಇಲ್ಲ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಒಂದರ ಮೇಲೊಂದು ಸುಳ್ಳು ಪೋಣಿಸಿದರು. ಅಧಿಕಾರಿ ಸಂತೋಷದಿಂದ ತಲೆಯಾಡಿಸಿದರು. ಹಾಗಿದ್ದರೆ ಒಳ್ಳೆಯದೇ ಆಯಿತು, ಇನ್ನೊಂದು ಶಾಲೆಯಲ್ಲಿ ಮಗುವೊಂದು ಕಾದಿದೆ, ಸಹಾಯಕಿಯನ್ನು ಅಲ್ಲಿಗೆ ಕಳಿಸುತ್ತೇವೆ ಎಂದು ಪೆನ್ನಿನ ಮುಚ್ಚಳ ಹಾಕಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಊರಿನ ತಂದೆತಾಯಂದಿರಿಗೆಲ್ಲ ಹೊಗಳಬೇಡಿ ಎಂದು ಪಾಠ ಹೇಳಿದ ಮನುಷ್ಯ ತಾನೇ ಹೊಗಳಿ ಕೂತಿದ್ದರು, ಅದೂ ಇಲ್ಲದ್ದನ್ನು. ಹೊರಗೆ ಬಂದಾಗ ಸಹಾಯಕಿ ಹಿಂದೆಯೇ ಓಡಿ ಬಂದಳು. ಬಯ್ಯಲು ಬಂದಳೆಂದುಕೊಂಡರು. ಅವಳ ಕಣ್ಣು ಹೊಳೆಯುತ್ತಿತ್ತು. "ಮನೇಲಿ ಇಷ್ಟೆಲ್ಲ ಮಾತಾಡ್ತಾಳಾ ಅಣ್ಣಾ? ನನಗೆ ಹೇಳ್ಲೇ ಇಲ್ವಲ್ಲ," ಎಂದಳು. ಹೊಟ್ಟೆಕಿಚ್ಚಿಲ್ಲದ ಆ ಸಂತೋಷ ನೋಡಿ ಲಾಯರಿಗೆ ಇನ್ನಷ್ಟು ಹೊಟ್ಟೆ ಉರಿಯಿತು, ಜೊತೆಗೆ ನಾಚಿಕೆಯೂ ಆಯಿತು. ಅಂದು ಬಾಯಿ ತೊಳೆಯಲು ಅವರು ನಿಲ್ಲಲಿಲ್ಲ.

ಸಹಾಯಕಿ ಬೇರೆ ಶಾಲೆಗೆ ಹೋದ ವಾರವೇ ಗುಬ್ಬಿ ಬೆಂಚಿನಡಿ ಸೇರಿದಳು. ಗಂಟೆ ಬಾರಿಸಿದರೆ ಚೀರಾಟ. ಶೂ ಕಿತ್ತು ಕಿಟಕಿಯಾಚೆ. ದಿನವೂ ಮಧ್ಯಾಹ್ನದೊಳಗೆ ಕರೆದೊಯ್ಯಿರಿ ಎಂದು ಫೋನು. ಕಡೆಗೊಂದು ದಿನ ಮುಖ್ಯೋಪಾಧ್ಯಾಯಿನಿ ಇವರನ್ನು ಕೂರಿಸಿ, ಮುಂದಿನ ವರ್ಷ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಎಲ್ಲರಿಗೂ ಒಳ್ಳೆಯದು ಎಂದು ನಯವಾಗಿ ಹೇಳಿದರು. ಎಷ್ಟೋ ಮಕ್ಕಳ ಪರವಾಗಿ ಇದೇ ಮಾತನ್ನು ಕೇಳಿ ಜಗ್ಗದೆ ಕೂತವರು ಅಂದು ಎದ್ದುಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಎಲ್ಲ ಹೇಳಿದರು. ಆಕೆ ಒಲೆ ಆರಿಸಿದರು. ಆಮೇಲೆ ಹೇಳಿದ್ದು ಇಷ್ಟೇ: "ನಿಮ್ಮ ಮಾನ ದೊಡ್ಡದೋ, ಅವಳ ಸ್ಕೂಲು ದೊಡ್ಡದೋ ನೋಡ್ಕೊಳ್ಳಿ."

ಮತ್ತೆ ಮೀಟಿಂಗು ಕರೆಸಲು ಅಧಿಕಾರಿಯ ಕಚೇರಿಯ ಹೊರಗೆ ಎಷ್ಟು ಮಧ್ಯಾಹ್ನ ಕೂತರೋ. ಕರೆಸಿದಾಗ ಲಾಯರ್ ಸುತ್ತಿಬಳಸಲಿಲ್ಲ. "ಅವತ್ತು ಹೇಳಿದ್ದೆಲ್ಲ ಸುಳ್ಳು ಸಾರ್. ಆ ಹುಡುಗಿ ಮೇಲಿನ ಹೊಟ್ಟೆಕಿಚ್ಚಿಗೆ ಹೇಳ್ದೆ. ಮನೇಲಿ ನನ್ನ ಮಗಳು ಏನೂ ಮಾಡಲ್ಲ."

ಅಧಿಕಾರಿ ನಂಬಲಿಲ್ಲ. ಸಹಾಯ ಬೇಕಾದವರೆಲ್ಲ ಮಗುವಿಗೆ ಏನೂ ಬರುವುದಿಲ್ಲ ಎಂದೇ ಹೇಳುತ್ತಾರೆ, ಅಂದು ಹೇಳಿದ್ದು ನಿಜವೋ ಇಂದು ಹೇಳುತ್ತಿರುವುದು ನಿಜವೋ ಎಂದರು. ಆಗ ಲಾಯರ್ ತಮ್ಮ ಕಣ್ಣಿಗೆ ತಾವೇ ಬೆರಳು ಹಾಕಿಕೊಂಡರು. ಸಹಾಯಕಿಯನ್ನೂ ಕರೆಸಿ, ಗುಬ್ಬಿ ಯಾರ ಮುಂದೆ ಏನು ಮಾಡುತ್ತಾಳೆಂದು ನೀವೇ ನೋಡಿಬಿಡಿ ಎಂದರು.

ಮುಖ್ಯೋಪಾಧ್ಯಾಯಿನಿಯ ಅದೇ ಕೋಣೆ. ಲಾಯರ್ ನೆಲದ ಮೇಲೆ ಕೂತು ಶೂ ಮುಂದಿಟ್ಟರು. ಗುಬ್ಬಿ ಫ್ಯಾನು ನೋಡಿದಳು. ಲೋಟ ತೋರಿಸಿ ಏನು ಬೇಕು ಕಂದಾ ಎಂದರು. ಗುಬ್ಬಿ ಗೋಡೆ ನೋಡಿದಳು. ಎಲ್ಲರೆದುರು ಅಪ್ಪನಿಗೆ ಬೆವರು ಕಿತ್ತುಬಂತು. ಅಷ್ಟರಲ್ಲಿ ಸಹಾಯಕಿ ಬಾಗಿಲಲ್ಲಿ ಕಂಡಳು. ಗುಬ್ಬಿ ಶೂ ಎತ್ತಿಕೊಂಡು ಅಪ್ಪನನ್ನು ದಾಟಿ ಓಡಿ ಅವಳ ಮುಂದೆ ಕೂತಳು. ಎಡಬಲ ತಪ್ಪದೆ ಶೂ ಏರಿಸಿದಳು. ಸಹಾಯಕಿ ಲೋಟ ಎತ್ತಿದಳು, ಏನೂ ಕೇಳಲಿಲ್ಲ, ಸುಮ್ಮನೆ ಕಾದಳು.

"ನೀರು," ಎಂದಳು ಗುಬ್ಬಿ.

"ಅವತ್ತೇ ನಾನು ಅವಳ ದನಿ ಕೇಳಿದ್ದು," ಎನ್ನುತ್ತಾರೆ ಲಾಯರ್. "ಸ್ವಲ್ಪ ದಪ್ಪ ದನಿ. ನಮ್ಮಮ್ಮನ ಥರ. ಖುಷಿಗೆ ಅಳು ಬಂತು ಅಂತ ಬರೀಬೇಡಿ. ಅರ್ಧ ಖುಷಿ. ಇನ್ನರ್ಧ ಏನು ಅಂತ ನಿಮಗೆ ಗೊತ್ತು."

ಸಹಾಯಕಿ ಗುಬ್ಬಿಯ ಬಳಿಗೆ ಮರಳಿದಳು. ಆದರೆ ಲಾಯರಿಗೆ ಈಗ ಇನ್ನೊಂದು ಓಡಾಟ ಹತ್ತಿಕೊಂಡಿದೆ. ಅವಳು ಬಿಟ್ಟುಬಂದ ಶಾಲೆಯ ಮಗುವಿಗೂ ಒಬ್ಬರು ಬೇಕೆಂದು ಆ ಮಗುವಿನ ತಂದೆಯ ಜೊತೆ ಕುರ್ಚಿ ಹಿಡಿದು ಕೂತಿದ್ದಾರೆ. ಇನ್ನೂ ಆಗಿಲ್ಲ. ತಾನೇ ಹಾಕಿದ ಗಂಟು, ಬಿಡಿಸದೆ ಬಿಡುವುದಿಲ್ಲ ಎನ್ನುತ್ತಾರೆ. ಮಗಳು ಮನೆಯಲ್ಲಿ ಮಾತಾಡಿದಳೇ ಎಂದರೆ ತಲೆ ಅಲ್ಲಾಡಿಸುತ್ತಾರೆ. ಇಲ್ಲ, ಇನ್ನೂ ಇಲ್ಲ.

ಕೊನೆಯ ಬಸ್ಸು ತೊಳೆದಾಯಿತು. ಡಿಪೋದ ಚಹಾ ಅಂಗಡಿಯ ಮುಂದೆ ಪಾಳಿ ಮುಗಿಸಿದವರು ಗ್ಲಾಸು ಹಿಡಿದು ನಿಂತಿದ್ದಾರೆ. ಮಕ್ಕಳ ಮಾತು ಬಂದರೆ ಗ್ಲಾಸು ಎತ್ತಿಕೊಂಡು ಆಚೆ ಸರಿಯುವುದು ಲಾಯರಿಗೆ ಮೊದಲಿನಿಂದಲೂ ರೂಢಿ. ಇವತ್ತು ಕಂಡಕ್ಟರೊಬ್ಬ ಗೋಳು ತೆಗೆದಿದ್ದಾನೆ. ಮಗ ಮನೆಯಲ್ಲಿ ಹೇಳಿದ್ದು ಕಿವಿಗೇ ಹಾಕಿಕೊಳ್ಳುವುದಿಲ್ಲ, ಟೀಚರ್ ಹೇಳಿದರೆ ಮಾತ್ರ ವೇದವಾಕ್ಯ ಎನ್ನುತ್ತಿದ್ದಾನೆ. ಉಳಿದ ಅಪ್ಪಂದಿರೆಲ್ಲ ಹೌದು ಹೌದು ಎಂದು ತಲೆದೂಗುತ್ತಾರೆ. ಲಾಯರ್ ಸರಿಯುವುದಿಲ್ಲ. ಚಹಾ ಒಂದು ಗುಟುಕು ಕುಡಿದು, ಸಾಕಷ್ಟು ಗಟ್ಟಿಯಾಗಿಯೇ ಹೇಳುತ್ತಾರೆ:

"ನಮ್ಮನೇಲೂ ಅದೇ ಕಥೆ ಕಣಪ್ಪ. ಅಪ್ಪ ಅಂದ್ರೆ ಲೆಕ್ಕಕ್ಕೇ ಇಲ್ಲ ನಮ್ಮ ಹುಡುಗಿಗೆ."