ವಾರದ ಮೂರನೆಯ ಸರದಿ

ನನ್ನ ಮೂತ್ರಪಿಂಡಗಳೆರಡೂ ಕೈಕೊಟ್ಟು ಆಗ ಎರಡು ವರ್ಷವಾಗಿತ್ತು. ಪುಣೆಯ ಹೋಟೆಲನ್ನು ತಮ್ಮನಿಗೆ ವಹಿಸಿ ನನ್ನೂರು ಶಂಕರನಾರಾಯಣದ ಮನೆಗೆ ಬಂದಿದ್ದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಪೂರ್ತಿ ಉಚಿತ. ಸ್ವಲ್ಪ ಕಷ್ಟಪಟ್ಟರೆ ಖಾಸಗಿಯಲ್ಲಿ ಮಾಡಿಸಿಕೊಳ್ಳುವ ಶಕ್ತಿ ನನಗಿತ್ತು. ಆದರೆ ಇಷ್ಟು ವರ್ಷ ತೆರಿಗೆ ಕಟ್ಟಿದವನಲ್ಲವೇ, ಇದು ನನ್ನ ಹಕ್ಕು ಎಂದುಕೊಂಡಿದ್ದೆ. ಹಾಗೆ ಅಂದುಕೊಂಡರೂ ಕಾರನ್ನು ಗೇಟಿನೊಳಗೆ ತರಬೇಡ ಎಂದು ಹೆಂಡತಿಗೆ ಹೇಳಿ, ರಸ್ತೆಯಲ್ಲೇ ಇಳಿದು ನಡೆದು ಹೋಗುತ್ತಿದ್ದೆ.

ನಮ್ಮ ಪಾಳಿಯಲ್ಲಿ ನಾಲ್ಕು ಯಂತ್ರ, ನಾಲ್ಕು ಜನ. ನಾನು, ನಾವುಂದದಲ್ಲಿ ಮೀನು ಮಾರುವ ಒಬ್ಬ ಹೆಂಗಸು, ತ್ರಾಸಿಯ ರಿಕ್ಷಾ ಚಾಲಕ, ಬ್ರಹ್ಮಾವರ ಕಡೆಯ ನಿವೃತ್ತ ಮೇಷ್ಟ್ರು. ಕೈಗೆ ನಳಿಗೆ ಸಿಕ್ಕಿಸಿಕೊಂಡು ನಾಲ್ಕು ಗಂಟೆ ಮಲಗಿರಬೇಕು. ಒಂದು ಸರದಿಯಿಂದ ಇನ್ನೊಂದರವರೆಗೆ ಕುಡಿದ ನೀರು ಮೈಯಲ್ಲೇ ನಿಲ್ಲುವುದರಿಂದ ನೀರೂ ಅಳತೆಯಲ್ಲೇ. ಆ ಹೊತ್ತಿನಲ್ಲಿ ಮೇಷ್ಟ್ರು ಪೇಪರು ಓದಿ ಹೇಳುತ್ತಿದ್ದರು.

“ಎಲ್ಲ ಬಿಟ್ಟಿ ಕೊಟ್ಟ್ ಕೊಟ್ಟೇ ದೇಶ ಹಾಳಾದ್ದ್. ಸರ್ಕಾರ ಖರ್ಚ್ ಕಡ್ಮಿ ಮಾಡ್ಕ್. ಎಲ್ಲರೂ ಸೊಲ್ಪ ಸೊಲ್ಪ ಹೊತ್ಕಂಡ್ರೆ ಸಮ ಆತ್ತ್,” ಎನ್ನುತ್ತಿದ್ದರು. ನಾನು ಮಲಗಿದಲ್ಲಿಂದಲೇ ಹೂಂಗುಟ್ಟುತ್ತಿದ್ದೆ.

ಒಂದು ಸೋಮವಾರ ಯಂತ್ರ ನೋಡಿಕೊಳ್ಳುವ ಹುಡುಗಿ ನಾಲ್ವರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದಳು. ಮೇಲಿನಿಂದ ಬರುವ ಹಣ ಕಡಿತವಾಗಿದೆ. ಕೆಡಲು ಶುರುವಾದ ನಾಲ್ಕನೇ ಯಂತ್ರದ ರಿಪೇರಿಗೆ ಮಂಜೂರಾತಿ ಇಲ್ಲ. ಮುಂದಿನ ವಾರದಿಂದ ಮೂರೇ. ಯಾರಾದರೂ ಒಬ್ಬರು ಹೊರಗೆ ಮಾಡಿಸಿಕೊಂಡರೆ ಉಳಿದ ಮೂವರಿಗೆ ವಾರಕ್ಕೆ ಮೂರು ಸಲವೂ ಸಿಗುತ್ತದೆ. ಇಲ್ಲವಾದರೆ ನಾಲ್ವರಿಗೂ ಎರಡೇ ಸಲ.

“ಡಾಕ್ಟ್ರ್ ನಿಮ್ನಿಮ್ಮೊಳಗೇ ತೀರ್ಮಾನ ಮಾಡ್ಕಣಿ ಅಂದ್ರ್. ಶುಕ್ರವಾರದೊಳಗೆ ಹೇಳಿ,” ಎಂದಳು. ಅವಳು ಯಾರ ಮುಖವನ್ನೂ ನೋಡಲಿಲ್ಲ.

ಆ ದಿನ ಮೇಷ್ಟ್ರ ಪೇಪರು ಮಡಚಿದಲ್ಲೇ ಇತ್ತು. ಬುಧವಾರ ಹೊರಗಿನ ಬೆಂಚಿನ ಮೇಲೆ ರಿಕ್ಷಾದವನೇ ಮಾತು ತೆಗೆದ.

“ನಾನ್ ಹೊರಗ್ ಹೋಯ್ಕಾದ್ರೆ ರಿಕ್ಷಾ ಮಾರ್ಕ್. ರಿಕ್ಷಾ ಮಾರಿರೆ ಉಂಬುದ್ ಎಂತ?”

“ಒಬ್ರ್ ತಲೆ ಮೇಲೇ ಹೊರ್ಸುದ್ ಸರಿಯಲ್ಲ. ಎಲ್ಲರಿಗೂ ಸಮ ಮಾಡುದೇ ನ್ಯಾಯ,” ಎಂದರು ಮೇಷ್ಟ್ರು.

ಅದುವರೆಗೆ ಸುಮ್ಮನಿದ್ದ ಹೆಂಗಸು ಕೇಳಿದಳು. “ಸಮ ಅಂದ್ರೆ ಎಂತ ಮೇಷ್ಟ್ರೆ? ಎರಡೇ ಸರ್ತಿ ಅಂದ್ರೆ ನೀರ್ ಇನ್ನೂ ಕಡ್ಮಿ ಕುಡೀಕ್. ನೀವ್ ಮನಿಯಂಗೆ ಫ್ಯಾನಿನಡಿಗ್ ಕೂಕಂತ್ರಿ. ನಾನ್ ಬಿಸ್ಲಂಗೆ ಬುಟ್ಟಿ ಹೊತ್ಕಂಡ್ ತಿರ್ಗುದ್. ಬಾಯಾರ್ಕೆ ನಂಗೂ ನಿಮ್ಗೂ ಸಮ ಬತ್ತಾ?”

ಅವಳು ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ನಿಮ್ ಕಾರ್ ದಿನಾ ಕಾಂತೆ ನಾನ್, ಬಸ್ಸಿಳ್ದ್ ಬಪ್ಪತಿಗೆ.”

ಅವಳು ಬೇಡಲೂ ಇಲ್ಲ, ಬೈಯಲೂ ಇಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೆ. ಆ ಹೊತ್ತಿನಲ್ಲಿ ನನಗೆ ಬಂದದ್ದು ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು. ಪೆನ್ಷನ್ ಬರುವ ಮೇಷ್ಟ್ರನ್ನು ಬಿಟ್ಟು ನನ್ನನ್ನೇ ಯಾಕೆ ಕೇಳಬೇಕು? ಕಡಿತ ಮಾಡಿದ್ದು ನಾನಲ್ಲವಲ್ಲ? ಶುಕ್ರವಾರ ಹುಡುಗಿ ಪಟ್ಟಿ ಹಿಡಿದು ಬಂದು ನಿಂತಾಗ ಮೊದಲು ಬಾಯಿ ಬಿಟ್ಟವನು ನಾನೇ.

“ಎಲ್ಲರಿಗೂ ಸಮ ಮಾಡಿ.”

ಮೇಷ್ಟ್ರು ತಲೆಯಾಡಿಸಿದರು. ರಿಕ್ಷಾದವನು ನೆಲ ನೋಡಿದ. ಹೆಂಗಸು ಸೆರಗು ಸರಿಮಾಡಿಕೊಂಡು ಯಂತ್ರದ ಕಡೆ ನಡೆದಳು.

ಸರದಿ ಎರಡೇ ಸಲಕ್ಕೆ ಇಳಿದ ಮೇಲೆ ವಾರದ ಕೊನೆಯ ದಿನಗಳು ಭಾರವಾದವು. ಪಾದ ಊದುತ್ತಿತ್ತು. ಚಪ್ಪಲಿ ಹತ್ತುತ್ತಿರಲಿಲ್ಲ. ಅಂಗಾತ ಮಲಗಿದರೆ ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಹೆಂಡತಿ ಲೋಟದಲ್ಲಿ ಗೆರೆ ಹಾಕಿ ನೀರು ಕೊಡುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ. ಅವಳು ಏನಾದರೂ ಹೇಳಲಿ ಎಂದು ನಾನು ಕಾಯುತ್ತಿದ್ದೆ, ಹೇಳಿದರೆ ಜಗಳವಾಡಬಹುದಿತ್ತು.

ಮೂರನೇ ವಾರದ ಸೋಮವಾರ ಆ ಹೆಂಗಸಿನ ಹಾಸಿಗೆ ಖಾಲಿಯಿತ್ತು. ರಿಕ್ಷಾದವನು ಬಾಗಿಲಲ್ಲಿ ನಿಂತಿದ್ದ. ಕಣ್ಣು ಕೆಂಪಾಗಿತ್ತು.

“ನಿನ್ನೆ ಮಧ್ಯಾಹ್ನ ಮಾರ್ಕೆಟಂಗೇ ಬಿದ್ದದ್ದ್. ಉಸ್ರೇ ಬತ್ತಿಲ್ಲ. ನನ್ ರಿಕ್ಷಾದಂಗೇ ಹಾಯ್ಕಂಡ್ ಹೋಯ್ದ್. ಅಲ್ಲಿಂದ ಉಡುಪಿಗ್ ಕಳ್ಸಿರ್, ಐಸಿಯು ಅಂಬ್ರ್.” ಕಣ್ಣೊರೆಸಿಕೊಂಡು, “ಸಮ ಮಾಡಿತ್ ಅಲ್ದಾ ನಾವ್,” ಎಂದ.

ಅವನು ನಾವು ಎಂದ. ನೀವು ಎನ್ನಬಹುದಿತ್ತು. ಆ ದಿನ ಯಂತ್ರದ ಸದ್ದು ಕೇಳುತ್ತ ಮಲಗಿದ ನಾಲ್ಕು ಗಂಟೆಯಷ್ಟು ದೀರ್ಘವಾದ ಹೊತ್ತು ನನಗೆ ನೆನಪಿಲ್ಲ.

ಕಾರು ಹತ್ತಿದ ಮೇಲೆ ಹೆಂಡತಿಗೆ ಹೇಳಿದೆ, “ಬುಧವಾರದಿಂದ ಹೊರಗ್ ಮಾಡ್ಸ್ಕಂಬ. ಹೋಟೆಲಿನ ನನ್ ಪಾಲ್ ತಮ್ಮಂಗೇ ಮಾರ್ಬಿಡ್ತೆ.”

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ನೀವೇ ಹೇಳ್ತ್ರಿ ಅಂದೇಳಿ ಕಾಯ್ತಿದ್ದೆ,” ಎಂದಳು.

ಪಟ್ಟಿಯಿಂದ ನನ್ನ ಹೆಸರು ತೆಗೆಸಿದ ದಿನ ಸಂಜೆ ಮೇಷ್ಟ್ರ ಫೋನು ಬಂತು. ಮೆಚ್ಚಿ ಎರಡು ಮಾತಾಡುತ್ತಾರೆ ಎಂದುಕೊಂಡು ಎತ್ತಿದೆ.

“ನೀವ್ ದೊಡ್ಡವ್ರಾದ್ರಿ. ಈಗ ಎಲ್ಲರೂ ನನ್ ಮುಖ ಕಾಂತ್ರ್. ನಾಳೆ ಇನ್ನೊಂದ್ ಯಂತ್ರ ಕೆಟ್ರೆ, ಮೇಷ್ಟ್ರೆ ನೀವೂ ಬಿಡಿ ಅಂಬ್ರ್. ಹೀಂಗ್ ಒಬ್ಬೊಬ್ರೇ ಬಿಡ್ತಾ ಹೋದ್ರೆ ಸರ್ಕಾರ ರಿಪೇರಿ ಮಾಡುದ್ ಎಂತಕ್ಕ್?”

ಅವರ ಮಾತಿನಲ್ಲಿ ಹೆದರಿಕೆಯೂ ಇತ್ತು, ಸತ್ಯವೂ ಇತ್ತು. ಫೋನು ಇಟ್ಟೆ.

ಹೆಂಗಸು ಹನ್ನೊಂದು ದಿನಕ್ಕೆ ಮನೆಗೆ ಬಂದಳು. ನಾನೂ ಹೆಂಡತಿಯೂ ನಾವುಂದಕ್ಕೆ ಹೋದೆವು. ಗೋಡೆಗೊರಗಿ ಕೂತಿದ್ದಳು. ತೋಳು ಕಡ್ಡಿಯಂತಾಗಿತ್ತು. ಕುರ್ಚಿ ತೋರಿಸಿ ಕೂರಿಸಿದಳು.

“ಮೂರ್ ಸರ್ತಿ ಸಿಕ್ಕತ್ತಂಬ್ರ್ ಈಗ. ಆಸ್ಪತ್ರೆಯ ಆ ಹೆಣ್ಣ್ ಹೇಳಿತ್,” ಎಂದಳು. ಆಮೇಲೆ ನನ್ನನ್ನೇ ನೋಡುತ್ತ ಹೇಳಿದಳು: “ಮೊದ್ಲೇ ಬಿಟ್ಟಿರೆ ನಾನ್ ಆ ಐಸಿಯು ಕಾಂಬುದ್ ಬೇಡಿತ್ತ್.”

“ಹೌದ್,” ಎಂದೆ.

ಅವಳು ಮಗಳನ್ನು ಕರೆದು ನಮಗೆ ಚಹಾ ಮಾಡಲು ಹೇಳಿದಳು. ನನಗೆ ಅರ್ಧ ಲೋಟ ಸಾಕು ಎಂದು ಅವಳೇ ನೆನಪಿಸಿದಳು.

ಮಳೆಗಾಲ ಕಳೆದ ಮೇಲೆ ಯಂತ್ರದ ರಿಪೇರಿ ಆಯಿತು. ಹುಡುಗಿ ಫೋನು ಮಾಡಿ, ನಿಮ್ಮ ಜಾಗ ಖಾಲಿ ಇದೆ, ಬರುತ್ತೀರಾ ಎಂದು ಕೇಳಿದಳು. ಆ ಹೊತ್ತಿಗೆ ಖಾಸಗಿಯ ಖರ್ಚು ನನ್ನ ಬೆನ್ನು ಬಗ್ಗಿಸಿತ್ತು. ಕಾದಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಬೈಂದೂರಿನವರೊಬ್ಬರು ಇದ್ದಾರೆ, ಎರಡು ತಿಂಗಳಾಯಿತು ಎಂದಳು.

“ಹಂಗಾರೆ ಅವ್ರಿಗ್ ಕೊಡಿ,” ಎಂದೆ. ಫೋನು ಇಟ್ಟ ಮೇಲೆ, ಇನ್ನೊಮ್ಮೆ ಫೋನು ಮಾಡಿ, ಬರುತ್ತೇನೆ ಎಂದುಬಿಡಲೇ ಎಂದು ಎರಡು ಸಲ ಕೈಗೆತ್ತಿಕೊಂಡೆ. ಹೆಂಡತಿ ಅದನ್ನು ನನ್ನ ಕೈಯಿಂದ ತೆಗೆದು ಕಪಾಟಿನ ಮೇಲಿಟ್ಟು, ಮಾತ್ರೆ ತರಲು ಒಳಗೆ ಹೋದಳು.