ಗೋಡೆಗೆ ಮುಖ ಮಾಡಿದ ಫೋಟೊಗಳು

ಮೌಲಾಸಾಬರ ಮನೆಗೆ ಹೊಸಬರು ಹೋದರೆ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. ಒಳಗೆ ಗೋಡೆಯ ತುಂಬ ಸತ್ತವರು. ಪೇಟದ ಅಜ್ಜಂದಿರು, ಮೂಗುತಿಯ ಅಜ್ಜಿಯರು, ಕಾಲೇಜಿನ ಐಡಿ ಕಾರ್ಡಿನಿಂದ ದೊಡ್ಡದು ಮಾಡಿಸಿದ ಒಬ್ಬ ಹುಡುಗ. ಒಬ್ಬರೂ ಅವರ ನೆಂಟರಲ್ಲ. ಸಾವಿನ ಹದಿಮೂರನೆಯ ದಿನಕ್ಕೆ ಬೇಕೆಂದು ಫ್ರೇಮು ಹಾಕಲು ಫೋಟೊ ಕೊಟ್ಟುಹೋದ ಮಂದಿ ಎಷ್ಟೋ ಸಲ ತಿರುಗಿ ಬರುತ್ತಲೇ ಇರಲಿಲ್ಲ. ಇವರು ಕಟ್ಟು ಹಾಕಿ, ಗಾಜು ಒರೆಸಿ, ತಮ್ಮ ಮನೆಯಲ್ಲೇ ತೂಗುಹಾಕುತ್ತಿದ್ದರು. ಹೆಂಡತಿ ಹಸೀನಾಬಿ ನಮಾಜಿಗೆ ನಿಂತಾಗ ಮಾತ್ರ ಅವರೆಲ್ಲರ ಮೇಲೆ ಪರದೆ ಎಳೆಯುವುದು, ಮುಗಿದ ಕೂಡಲೇ ಸರಿಸುವುದು.

"ಮಂದೀನ್ನ ಕತ್ತಲದಾಗ ಇಡಬಾರದ್ರೀ ಶೆಟ್ರ," ಎನ್ನುತ್ತಿದ್ದರು ಮೌಲಾಸಾಬರು.

ನಾನು ಮುಂಬಯಿಯ ಫೋರ್ಟಿನಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ವಡಾಲದ ಬಿಲ್ಡಿಂಗಿನಲ್ಲಿ ನಮ್ಮದು ಅವರ ಪಕ್ಕದ ಬಾಗಿಲು. ಅವರು ವಿಜಯಪುರದ ಕಡೆಯವರು. ಹಗಲು ಕಾಂಟ್ರಾಕ್ಟರನ ಕೈಕೆಳಗೆ ಎಲೆಕ್ಟ್ರಿಷಿಯನ್, ಸಂಜೆ ಫ್ರೇಮು. ಹಸೀನಾಬಿಯ ಕಿಡ್ನಿ ಕೈಕೊಟ್ಟ ಮೇಲೆ ಒಂದು ಪರ್ಮನೆಂಟ್ ನೌಕರಿ ಬೇಕೇ ಬೇಕಾಯಿತು. ಪರ್ಮನೆಂಟ್ ಆದರೆ ಹೆಂಡತಿಯ ಆಸ್ಪತ್ರೆ ಖರ್ಚೂ ಕಂಪನಿಯದು.

ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಎಲ್ಲ ಸರಿಹೋಗಿ ಸಾಹೇಬರು ಕೈಕುಲುಕಲು ಎದ್ದರಂತೆ. ಇವರು ಕೂತಲ್ಲೇ, "ಸಾಬ್, ಘರ್ ಮೇ ಮೇರಾ ಫ್ರೇಮ್ ಕಾ ಧಂದಾ ಭೀ ಹೈ" ಎಂದು ಮನೆಯ ಫ್ರೇಮು ಕೆಲಸವನ್ನೂ ತಾವಾಗಿಯೇ ಹೇಳಿದರಂತೆ. ಅಲ್ಲಿಗೆ ಮುಗಿಯಿತು. ಎರಡು ಕೆಲಸ ಮಾಡುವವರು ಅವರಿಗೆ ಬೇಡವಂತೆ.

"ನಿಮ್ಮನ್ನು ಕೇಳಿದ್ದು ಯಾರು ಮಾರಾಯ್ರೇ? ಬಾಯಿಗೆ ಬೀಗ ಹಾಕ್ಲಿಕ್ಕೆ ಎಂತ ಕಷ್ಟ?" ನನಗೆ ಮೈಯೆಲ್ಲ ಉರಿದುಹೋಗಿತ್ತು.

"ಕೇಳ್ಲಿಲ್ಲಂತ ಮುಚ್ಚಿಡೂದೇನ್ರೀ? ನಾಳೆ ಯಾರದರ ಹದಿಮೂರನೇ ದಿನಾ ಬಂದ್ರ ಫೋಟೊ ಮುಟ್ಟಸಾಕ ನಾ ರಜಾ ಕೇಳಾಂವ. ಆವಾಗ ಏನ ಹೇಳ್ಲಿ?"

"ಹಾಗಾದ್ರೆ ಆ ಧಂದೆ ಬಿಟ್ಟುಬಿಡಿ."

ಅವರು ಗೋಡೆಯ ಕಡೆ ನೋಡಿದರು. "ಇವರನ್ನ ಎಲ್ಲಿ ಬಿಡ್ಲಿ?"

ಎರಡನೆಯ ಕಂಪನಿಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಬೇರೆ ಉದ್ಯೋಗ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದರು, ಕೆಲಸ ಸಿಕ್ಕಿತು. ನಾನು ಖುಷಿಯಿಂದ ಹೋಟೆಲಿನ ಮೈಸೂರುಪಾಕು ಕಟ್ಟಿಸಿಕೊಂಡು ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಫೋಟೊಗಳೆಲ್ಲ ಗೋಡೆಗೆ ಮುಖ ಮಾಡಿದ್ದವು. ಎಲ್ಲಿ ನೋಡಿದರೂ ಕಂದು ರಟ್ಟು, ಸಣ್ಣ ಮೊಳೆಗಳು. ಮೌಲಾಸಾಬರು ನೆಲ ನೋಡುತ್ತ ಕೂತಿದ್ದರು.

"ಇವರು ಇಲ್ಲೇ ಇಲ್ಲಂತ ಹೇಳಿ ಬಂದೀನ್ರೀ," ಎಂದರು.

ಹಸೀನಾಬಿ ಹಾಸಿಗೆಯಿಂದಲೇ ಸಿಡುಕಿದರು. "ಬೆನ್ನ ತಿರುಗಿಸಿದ ಮಂದಿ ನಡುವ ನಾ ಹೆಂಗ ಮಲಗ್ಲಿ? ನಂಗ ಅಂಜಿಕಿ ಬರ್ತೈತಿ. ಹೋಗಿ ಖರೇ ಹೇಳಿ ಬರ್ರಿ."

ಹೋಗಿ ಹೇಳಿ ಬಂದರು. ಸುಳ್ಳು ಹೇಳಿ ಸೇರಿದವನು ಬೇಡವೆಂದು ಆ ಕಂಪನಿಯೂ ಕೈಬಿಟ್ಟಿತು. ನಿಜ ಹೇಳಿದ್ದಕ್ಕೆ ಒಂದು ಹೋಯಿತು, ಸುಳ್ಳು ಹೇಳಿದ್ದಕ್ಕೆ ಇನ್ನೊಂದು. ದೇವರೇ, ಇದೆಂಥ ನ್ಯಾಯ! ಫೋಟೊಗಳು ಮತ್ತೆ ಮುಖ ತೋರಿಸಿದವು. ಹಸೀನಾಬಿ ಆ ಮಳೆಗಾಲ ದಾಟಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ನ ಸರತಿಗೆ ಕಾಯುತ್ತಲೇ ಹೋಗಿಬಿಟ್ಟರು. ಅವರದೊಂದು ಫೋಟೊ ಆ ಗೋಡೆಗೆ ಬರಲಿಲ್ಲ. ಬೇಡವೆಂದು ಮೊದಲೇ ಹೇಳಿದ್ದರಂತೆ.

ಈಗ ಆ ಮನೆಯಲ್ಲಿ ಬೇರೆ ಬಾಡಿಗೆಯವರಿದ್ದಾರೆ. ಸುಣ್ಣ ಬಳಿದರೂ ಗೋಡೆಯ ಮೇಲಿನ ಚೌಕ ಗುರುತುಗಳು ಹೋಗಿಲ್ಲವೆಂದು ಗೊಣಗುತ್ತಾರೆ. ಆ ಬಾಗಿಲು ತೆರೆದಿದ್ದರೆ ನಾನು ತಲೆ ತಗ್ಗಿಸಿಕೊಂಡೇ ದಾಟುತ್ತೇನೆ. ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತದೆ.

ಮೌಲಾಸಾಬರು ಊರಿಗೆ ಹೊರಟ ದಿನ ಅಷ್ಟೂ ಫೋಟೊಗಳನ್ನು ಚಾದರಗಳಲ್ಲಿ ಸುತ್ತಿ ಟೆಂಪೊಗೆ ಏರಿಸಿದ್ದರು. ಕೆಳಗಿಳಿಸಲು ನಾನೂ ಕೈಹಾಕಿದ್ದೆ. ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ನನ್ನ ತೋಳು ಹಿಡಿದರು.

"ಶೆಟ್ರ, ನಾ ಬಾಯಿ ಮುಚ್ಚಿಕೊಂಡಿದ್ದಿದ್ರ ಆಕಿ ಉಳೀತಿದ್ಲೇನ್ರೀ?"

ಬಾಯಿ ಮುಚ್ಚಿಕೊಳ್ಳಿ ಎಂದು ಅವರನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ.

"ಇಲ್ಲ ಮಾರಾಯ್ರೇ. ಉಳಿತಿರ್ಲಿಲ್ಲ," ಎಂದೆ.

ಅವರು ನನ್ನ ತೋಳು ಬಿಟ್ಟರು.

"ನೀವರ ಸುಳ್ಳ ಹೇಳಬ್ಯಾಡ್ರೀ ಶೆಟ್ರ," ಎಂದು ಟೆಂಪೊ ಹತ್ತಿದರು.