ಸಾಕಮ್ಮ ಟೀಚರ್‌ರ ತಿಪ್ಪೆ ಪರೀಕ್ಷೆ

ಮಕ್ಕಳ ಬೊಂಬೆಗಳನ್ನು ತಿಪ್ಪೆಯಲ್ಲಿ ಹೂತು ಪರೀಕ್ಷೆ ಮಾಡುವ ಹೆಂಗಸು ಬೇರೆಲ್ಲಾದರೂ ಇದ್ದಾರೋ ಇಲ್ಲವೋ, ಅರಕಲಗೂಡಿನ ಪಕ್ಕದ ನಮ್ಮೂರಲ್ಲಿ ಒಬ್ಬರಿದ್ದರು: ಅಂಗನವಾಡಿಯ ಸಾಕಮ್ಮ ಟೀಚರ್. ಯಾವ ಆಟದ ಸಾಮಾನು ಬಂದರೂ ಮೊದಲು ಅದರಲ್ಲೊಂದು ತಿಪ್ಪೆಗೆ. ಮೂರು ತಿಂಗಳ ಮೇಲೆ ಸೀರೆ ಎತ್ತಿಕಟ್ಟಿ, ಗುದ್ದಲಿ ಹಿಡಿದು ಕೆದಕುವರು. ಬೊಂಬೆ ಸಿಗದಿದ್ದರೆ ಪಾಸು, ಸಿಕ್ಕರೆ ಫೇಲು. ಜೋಳದ ದಿಂಡಿನ ಎತ್ತು, ಹಳೇ ಸೀರೆಯ ಬೊಂಬೆ ಸಲೀಸಾಗಿ ಪಾಸಾದವು. ಕರಟದ ತಕ್ಕಡಿಗೆ ಗ್ರೇಸ್ ಮಾರ್ಕು ಕೊಟ್ಟರು.

"ಮಕ್ಳು ಆಡಿ ಬಿಸಾಕ್ತವೆ ಕಣ್ಲಾ. ಅದು ಮಣ್ಣಾಗ್ಬೇಕು. ಆಗ್ದಿದ್ರೆ ನಾಳೆ ಅಸ ತಿಂತದೆ, ನಾಡಿದ್ದು ಅದ್ರ ಆಲು ನೀನೇ ಕುಡೀತೀಯ" ಅನ್ನುವರು.

ನಾನು ಡಿಗ್ರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಊರವರ ದನಿಗಳನ್ನು ಕದಿಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದವನು. ಟೀಚರೆದುರೇ ಸೊಂಟಕ್ಕೆ ಕೈಯಿಟ್ಟು ಅವರಂತೆಯೇ "ಅದು ಮಣ್ಣಾಗ್ಬೇಕು!" ಅಂದರೆ ಅವರು ನಗುತ್ತ, "ನಿನ್ನೂ ಒಂದ್ಸಲ ಊತು ನೋಡ್ಬೇಕು ಶಿವು. ನೀನು ಪಾಸಾಗೋ ಪರೀಕ್ಷೆ ಅದೊಂದೇಯ" ಅನ್ನುತ್ತಿದ್ದರು.

ಅಂಗನವಾಡಿಯ ಹೆಂಚು ಒಡೆದಿತ್ತು. ಮಳೆ ಬಂದರೆ ಮಕ್ಕಳನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಎತ್ತಿಡಬೇಕು. ಎರಡು ಸಾವಿರದ ಆಸುಪಾಸಿನಲ್ಲಿ, ಹಾಸನದಲ್ಲಿ ಪ್ಲಾಸ್ಟಿಕ್ ಅಂಗಡಿ ಇಟ್ಟಿದ್ದ ಸಾಹುಕಾರರೊಬ್ಬರು ಒಂದು ಮೂಟೆ ಬೊಂಬೆ ತಂದಿಳಿಸಿ, "ಮಕ್ಕಳು ಆಡೋದನ್ನ ಬಂದು ನೋಡ್ತೀನಿ. ಆಮೇಲೆ ಸೂರಿಗೆ ಶೀಟು ಹಾಕಿಸ್ಕೊಡೋದು ನನ್ ಜವಾಬ್ದಾರಿ" ಅಂದು ಹೋದರು.

ಟೀಚರ್ ಎಡವಿದ್ದು ಇಲ್ಲೇ. ಸೂರಿಗೂ ಬೊಂಬೆಗೂ ಗಂಟು ಹಾಕಿದರಲ್ಲಾ ಎಂಬ ಸಿಟ್ಟಿನಲ್ಲಿ ಒಂದರ ಬದಲು ಇಡೀ ಮೂಟೆಯನ್ನೇ ತಿಪ್ಪೆಗೆ ಸುರಿದುಬಿಟ್ಟರು.

ಮೂರು ತಿಂಗಳ ಮೇಲೊಂದು ದಿನ, ಸಾಹುಕಾರರು ಹೊರಟಿದ್ದಾರೆಂದು ಬೆಳಿಗ್ಗೆ ಫೋನು ಬಂತು. ನಾನೂ ಟೀಚರೂ ತಿಪ್ಪೆ ಅಗೆದೆವು, ಬೋರ್‌ವೆಲ್ಲಿನ ಕೆಳಗೆ ಬಾತುಕೋಳಿ, ಕಾರು, ಆನೆಗಳನ್ನೆಲ್ಲ ಉಜ್ಜಿದೆವು. ಬಣ್ಣ ಫಳಫಳ, ವಾಸನೆ ಮಾತ್ರ ಹೋಗಲಿಲ್ಲ. ಮಕ್ಕಳು ಮೂಗು ಹಿಡಿದುಕೊಂಡು ಆಡಿದವು. ಸಾಹುಕಾರರು ಬಾತುಕೋಳಿಯನ್ನೆತ್ತಿ ಮೂಸಿದರು.

"ಏನಮ್ಮಾ ಇದು, ಕೊಟ್ಟಿಗೆ ವಾಸ್ನೆ?"

ಟೀಚರಿಗೆ ಸುಳ್ಳು ಬಾರದು. "ಮೂರ್ ತಿಂಗ್ಳು ತಿಪ್ಪೇಲಿತ್ತು ಸಾ. ಒಂದ್ ಚೂರೂ ಏನೂ ಆಗಿಲ್ಲ."

ಅದು ಫೇಲೆಂಬ ತೀರ್ಪು. ಸಾಹುಕಾರರ ಮುಖ ಮಾತ್ರ ಅರಳಿತು. "ಮೂರು ತಿಂಗ್ಳು! ಬಣ್ಣಾನೂ ಹೋಗಿಲ್ಲ! ನೋಡ್ರಯ್ಯಾ, ನಮ್ ಮಾಲು ಅಂದ್ರೆ ಹಿಂಗೆ!"

ಟೀಚರ್ ಬಾಯಿ ತೆರೆದರು. ಒಡೆದ ಹೆಂಚಿನ ಸಂದಿಯಿಂದ ಕಾಣುತ್ತಿದ್ದ ಆಕಾಶದತ್ತ ಒಮ್ಮೆ ನೋಡಿದರು. ಬಾಯಿ ಮುಚ್ಚಿಕೊಂಡರು. ಅವರ ಎಲ್ಲ ಮಾತನ್ನೂ ಅನುಕರಿಸಬಲ್ಲ ನನಗೆ ಆ ಮೌನ ಮಾತ್ರ ಇವತ್ತಿಗೂ ಬಂದಿಲ್ಲ.

ಹದಿನೈದು ದಿನದಲ್ಲಿ ಶೀಟು ಬಂತು. ಜೊತೆಗೆ, ಸಾಹುಕಾರರು ಖುಷಿಯಾಗಿ ಕಳಿಸಿದ ಇನ್ನೆರಡು ಮೂಟೆ ಬೊಂಬೆಗಳೂ ಬಂದವು! ಟೀಚರ್ ಹಳೆಯದೂ ಸೇರಿ ಮೂರು ಮೂಟೆಯನ್ನೂ ತಮ್ಮ ಬಾಡಿಗೆ ಮನೆಯ ಅಟ್ಟಕ್ಕೇರಿಸಿದರು.

ಮರುವರ್ಷ ಬೇಸಿಗೆಯಲ್ಲಿ ರಿಟೈರಾಗಿ ಕೊಣನೂರಿನ ಮಗಳ ಮನೆಗೆ ಹೊರಟಾಗ ಮೂಟೆಗಳೂ ಬಸ್ಸು ಹತ್ತಿದವು.

"ಏನಮ್ಮಾ ಇದ್ರಲ್ಲಿ?" ಅಂದ ಕಂಡಕ್ಟರು.

"ನಾನು ಮುಚ್ಕಂಡಿದ್ದ ಬಾಯಿ ಕಣಪ್ಪ. ಬಿಟ್ಟೋದ್ರೆ ಯಾರಾರ ಮಕ್ಳ ಕೈಗೆ ಕೊಟ್ಬುಡ್ತಾರೆ."

ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಶಿವೂ, ಮಳೆ ಬಂದಾಗ ಒಳಕ್ಕೋಗಿ ನೋಡ್ಲಾ, ಸೋರ್ತದಾ ಅಂತ!"

ಮೊದಲ ಮಳೆಗೇ ಹೋಗಿ ನೋಡಿದೆ. ಮಕ್ಕಳು ಇದ್ದಲ್ಲೇ ಮಲಗಿ ನಿದ್ದೆ ಮಾಡುತ್ತಿದ್ದವು; ಒಂದು ಹನಿಯೂ ಇಲ್ಲ. ಕೊಣನೂರಿಗೆ ಹೋಗಿ ಹೇಳಿ ಬರೋಣ, ಈ ವಾರ, ಮುಂದಿನ ವಾರ ಅನ್ನುತ್ತಿದ್ದ ಹಾಗೆಯೇ ಟೀಚರ್ ತೀರಿಕೊಂಡ ಸುದ್ದಿ ಬಂತು.